ಕೈಯಾರೆ ಮಾಡಿ ಕೊಡುವ ಉಡುಗೊರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲೇ ಏನಾದರೂ ಮಾಡಿ ಸ್ನೇಹಿತರಿಗೆ, ಮನೆಯವರಿಗೆ ಕೊಡುವ ಅಭ್ಯಾಸ ನನಗೆ ಬಹಳ ವರ್ಷಗಳಿಂದ ಇದೆ. ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಪ್ರತಿ ಸಲ ತುಂಡು ತುಂಡಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

ಏನಾದರೂ ಮಾಡಿ ಕೊಡಬೇಕು ಅಂತ ಆಸೆ ಇದೆ. ಎಲ್ಲಿಂದ ಶುರು ಮಾಡಲಿ?

ತಗೊಳ್ಳುವವರಿಂದ ಶುರು ಮಾಡಿ. ಬಹಳ ಜನ ಮೊದಲು ‘ನನಗೆ ಏನು ಮಾಡಲು ಬರುತ್ತೆ’ ಅಂತ ಯೋಚಿಸುತ್ತಾರೆ. ಅದನ್ನು ಮಾಡಿ ಮುಗಿಸಿದ ಮೇಲೆ ಯಾರಿಗೆ ಕೊಡೋದು ಅಂತ ಹುಡುಕುತ್ತಾರೆ. ಇದನ್ನು ತಿರುಗಿಸಬೇಕು.

ನಾನು ಕ್ಯಾಂಡಲ್ ಮಾಡಲು ಕಲಿತ ಹೊಸತರಲ್ಲಿ ಒಬ್ಬ ಗೆಳತಿಗೆ ಒಳ್ಳೆ ಪರಿಮಳದ ಕ್ಯಾಂಡಲ್ ಮಾಡಿ ಕೊಟ್ಟೆ. ಅವಳಿಗೆ ಗಾಢ ವಾಸನೆಯಿಂದ ತಲೆನೋವು ಬರುತ್ತೆ ಅನ್ನೋದು ನನಗೆ ಗೊತ್ತಿತ್ತು. ಆದರೆ ಮಾಡುವ ಖುಷಿಯಲ್ಲಿ ಅದು ನೆನಪಿಗೇ ಬರಲಿಲ್ಲ. ಅವಳು ಏನೂ ಅನ್ನದೆ ತಗೊಂಡಳು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ. ಮುಂದಿನ ವರ್ಷ ಬೇರೆ ಥರ ಯೋಚಿಸಿದೆ. ಅವಳು ಯಾವಾಗಲೂ ಹಳೇ ಬಿಲ್ಲುಗಳ ಹಿಂದೆ ಸಾಮಾನಿನ ಪಟ್ಟಿ ಬರೆದುಕೊಳ್ಳುತ್ತಿದ್ದಳು, ಆಮೇಲೆ ಚೀಲ ಪೂರ್ತಿ ತಡಕಾಡುತ್ತಿದ್ದಳು. ಅವಳ ಪರ್ಸಿನೊಳಗೆ ಕೂರುವ ಅಳತೆಗೆ ಒಂದು ಪುಟ್ಟ ಪುಸ್ತಕ ಹೊಲಿದು ಕೊಟ್ಟೆ. ನಾಲ್ಕು ತಿಂಗಳಿಗೆ ಅದನ್ನು ತುಂಬಿಸಿಕೊಂಡು ಬಂದು ‘ಇನ್ನೊಂದು ಮಾಡಿಕೊಡ್ತೀಯಾ?’ ಅಂದಳು.

ಹಾಗಾಗಿ ಒಂದು ಹಾಳೆ ತಗೊಂಡು ಮೇಲೆ ಅವರ ಹೆಸರು ಬರೆಯಿರಿ. ಕೆಳಗೆ ಕಳೆದ ಒಂದೆರಡು ತಿಂಗಳಲ್ಲಿ ಅವರ ಬಗ್ಗೆ ನೀವು ಗಮನಿಸಿದ ಐದು ವಿಷಯ ಬರೆಯಿರಿ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತಾರಾ? ಓದುವಾಗ ಪುಟದ ಮೂಲೆ ಮಡಚುತ್ತಾರಾ? ರಾತ್ರಿ ಕಾಲು ತಣ್ಣಗಾಗುತ್ತೆ ಅನ್ನುತ್ತಾರಾ? ಕನ್ನಡಕಕ್ಕೆ ಬಟ್ಟೆಯ ಚೀಲ, ಪುಸ್ತಕಕ್ಕೆ ಗುರುತುಪಟ್ಟಿ, ಕಾಲಿಗೆ ಉಲನ್ ಚೀಲ. ಉಡುಗೊರೆ ಆ ಪಟ್ಟಿಯಲ್ಲೇ ಇರುತ್ತದೆ.

ನನಗೆ ಹೊಲಿಗೆ, ಚಿತ್ರ, ಯಾವ ಕೈಕೆಲಸವೂ ಬರೋದಿಲ್ಲ. ನಾನೇನು ಮಾಡಲಿ?

ಬರೆಯಿರಿ. ಇದಕ್ಕೆ ಪೆನ್ನು, ಕಾಗದ ಬಿಟ್ಟು ಬೇರೇನೂ ಬೇಡ.

ಒಂದು ಗಾಜಿನ ಜಾಡಿ ತೊಳೆದು ಒಣಗಿಸಿ. ಸಣ್ಣ ಚೀಟಿಗಳನ್ನು ಕತ್ತರಿಸಿ. ಒಂದೊಂದರಲ್ಲಿ ಒಂದೊಂದು ನೆನಪು ಬರೆದು ಮಡಚಿ ಹಾಕಿ. ‘ನೀನು ತುಂಬಾ ಒಳ್ಳೆಯವಳು’ ಅಂತ ಬರೆದರೆ ಅದು ಯಾರಿಗೆ ಬೇಕಾದರೂ ಸಲ್ಲುತ್ತದೆ. ‘ನನಗೆ ಜ್ವರ ಬಂದಾಗ ನೀನು ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಬಂದು ಪಾತ್ರೆ ತೊಳೆದಿಟ್ಟು ಹೋದೆ’ ಅಂತ ಬರೆದರೆ ಅದು ಅವಳಿಗೆ ಮಾತ್ರ ಸೇರಿದ್ದು. ಇಪ್ಪತ್ತು ಚೀಟಿ ಸಾಕು. 365 ಬರೆಯಲು ಹೋಗಬೇಡಿ. ಮೂವತ್ತರ ನಂತರ ಬಹಳ ಜನರಿಗೆ ಬರೀ ಹೊಗಳಿಕೆಯ ಮಾತೇ ಉಳಿಯುತ್ತದೆ.

ಇನ್ನೊಂದು ದಾರಿ, ಸಮಯಕ್ಕೆ ತಕ್ಕ ಪತ್ರಗಳು. ಐದಾರು ಲಕೋಟೆ ತಗೊಂಡು ಒಂದೊಂದರ ಮೇಲೂ ಯಾವಾಗ ತೆರೆಯಬೇಕು ಅಂತ ಬರೆಯಿರಿ: ‘ನಿದ್ದೆ ಬರದಿದ್ದಾಗ’, ‘ನನ್ನ ಮೇಲೆ ಸಿಟ್ಟು ಬಂದಾಗ’, ‘ಹೊಸ ಕೆಲಸದ ಮೊದಲ ದಿನ’. ದೂರದ ಊರಿಗೆ ಓದಲು ಹೊರಟ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಹೊಳೆದಿಲ್ಲ.

ನನ್ನ ಕೈಬರಹ ಚೆನ್ನಾಗಿಲ್ಲ. ಟೈಪ್ ಮಾಡಿ ಪ್ರಿಂಟ್ ತೆಗೆದರೆ ಆಗಲ್ವಾ?

ಬೇಡ. ನಿಮ್ಮ ಅಕ್ಷರವನ್ನು ಅವರು ನೋಡಿದ ಕೂಡಲೇ ಗುರುತಿಸುತ್ತಾರೆ, ಅದೇ ಮುಖ್ಯ. ಗೆರೆ ಹಾಕಿದ ಹಾಳೆಯನ್ನು ಕೆಳಗಿಟ್ಟು ಅದರ ಮೇಲೆ ಬಿಳಿ ಹಾಳೆ ಇಟ್ಟು ಬರೆದರೆ ಸಾಲು ನೇರ ಬರುತ್ತದೆ. ಓದುವವರಿಗೆ ಕಣ್ಣು ಮಂಜಾಗಿದ್ದರೆ ಮಾತ್ರ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಕೊನೆಯಲ್ಲಿ ಎರಡು ಸಾಲು ಕೈಯಲ್ಲಿ ಬರೆಯಿರಿ.

ಒಂದೇ ಸಂಜೆಯಲ್ಲಿ ಮುಗಿಯುವಂಥದ್ದು ಏನಾದರೂ ಇದೆಯಾ?

ಮೇಲೆ ಹೇಳಿದಂಥ ಹೊಲಿದ ಪುಸ್ತಕವೇ, ಅಳತೆ ಮಾತ್ರ ದೊಡ್ಡದು. ಮೊದಲ ಸಲ ಒಂದು ಗಂಟೆ ಹಿಡಿಯಬಹುದು, ಕೈ ಪಳಗಿದ ಮೇಲೆ ಇಪ್ಪತ್ತು ನಿಮಿಷ. ಮಾಡುವ ಬಗೆಯನ್ನು ಪೂರ್ತಿ ಹೇಳುತ್ತೇನೆ.

ಎ4 ಅಳತೆಯ 8 ಹಾಳೆ ತಗೊಳ್ಳಿ. ಎಲ್ಲವನ್ನೂ ಸೇರಿಸಿ ನಡುವೆ ಮಡಚಿದರೆ 32 ಪುಟ ಆಗುತ್ತದೆ. ಒಟ್ಟಿಗೆ ಮಡಚಿದರೆ ಮಡಿಕೆ ಉಬ್ಬುತ್ತದೆ. ಎರಡೆರಡೇ ಹಾಳೆ ಮಡಚಿ, ಚಮಚದ ಹಿಂಭಾಗದಿಂದ ಮಡಿಕೆಯನ್ನು ಚೆನ್ನಾಗಿ ಉಜ್ಜಿ, ಆಮೇಲೆ ಒಂದರೊಳಗೊಂದು ಸೇರಿಸಿ. ಹೊರಗೆ ಸ್ವಲ್ಪ ದಪ್ಪ ಕಾಗದದ ರಕ್ಷಾಪುಟ ಇರಲಿ, 200ರಿಂದ 250 ಜಿಎಸ್ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನುವ ಲೆಕ್ಕ) ಸರಿಹೋಗುತ್ತದೆ. ಹಳೇ ಕ್ಯಾಲೆಂಡರಿನ ಹಾಳೆಯೂ ಆಗುತ್ತದೆ.

ಪುಸ್ತಕವನ್ನು ಬಿಚ್ಚಿ, ಮಡಿಕೆಯ ಮೇಲೆ ಮೂರು ಚುಕ್ಕೆ ಇಡಿ. ಒಂದು ಸರಿಯಾಗಿ ನಡುವೆ. ಉಳಿದೆರಡು ಮೇಲಿನ ಮತ್ತು ಕೆಳಗಿನ ಅಂಚಿನಿಂದ ನಾಲ್ಕು ಸೆಂಟಿಮೀಟರ್ ಒಳಗೆ. ದಬ್ಬಳದಿಂದ ಚುಚ್ಚಿ. ದಬ್ಬಳ ಇಲ್ಲದಿದ್ದರೆ ದಪ್ಪ ಸೂಜಿಯನ್ನು ಬಟ್ಟೆಯಲ್ಲಿ ಹಿಡಿದು ಚುಚ್ಚಬಹುದು. ಪುಸ್ತಕದ ಉದ್ದದ ಎರಡೂವರೆ ಪಟ್ಟು ದಾರ ಬೇಕು, ಅಂದರೆ ಈ ಅಳತೆಗೆ ಸುಮಾರು 55 ಸೆಂಟಿಮೀಟರ್. ದಾರವನ್ನು ಮೇಣದ ಬತ್ತಿಯ ಮೇಲೆ ಎರಡು ಸಲ ಎಳೆಯಿರಿ. ಆಗ ಸಿಕ್ಕಾಗುವುದಿಲ್ಲ, ಗಂಟೂ ಜಾರುವುದಿಲ್ಲ.

ಈಗ ಹೊಲಿಗೆ. ಒಳಗಿನಿಂದ ನಡುವಿನ ತೂತಿನ ಮೂಲಕ ಸೂಜಿಯನ್ನು ಹೊರಗೆ ತನ್ನಿ. ಒಳಗೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದಾರ ಉಳಿಯಲಿ. ಹೊರಗಿನಿಂದ ಮೇಲಿನ ತೂತಿಗೆ ಹಾಕಿ ಒಳಗೆ ಬನ್ನಿ. ಒಳಗೆ ನಡುವಿನ ತೂತನ್ನು ದಾಟಿ ನೇರವಾಗಿ ಕೆಳಗಿನ ತೂತಿಗೆ ಹೋಗಿ ಹೊರಬನ್ನಿ. ಹೊರಗಿನಿಂದ ಮತ್ತೆ ನಡುವಿನ ತೂತಿಗೆ ಹಾಕಿ ಒಳಗೆ ಬನ್ನಿ. ಈಗ ಎರಡು ತುದಿಯೂ ಒಳಗೇ ಇವೆ. ನಡುವೆ ಹಾದುಹೋದ ಉದ್ದ ದಾರದ ಆಚೆಗೊಂದು ಈಚೆಗೊಂದು ತುದಿ ಇರುವಂತೆ ಮಾಡಿ, ಅದರ ಮೇಲೆ ಬಿಗಿಯಾಗಿ ಎರಡು ಗಂಟು ಹಾಕಿ. ದಾರ ಎಳೆಯುವಾಗ ಮಡಿಕೆಯ ಉದ್ದಕ್ಕೂ ಎಳೆಯಿರಿ. ಮೇಲಕ್ಕೆ ಎಳೆದರೆ ಕಾಗದ ಹರಿಯುತ್ತದೆ.

ಪುಸ್ತಕ ಮುಚ್ಚಿ ನೋಡಿದರೆ ಒಳಗಿನ ಹಾಳೆಗಳು ಸ್ವಲ್ಪ ಹೊರಗೆ ಚಾಚಿರುತ್ತವೆ. ಅದು ನಿಮ್ಮ ತಪ್ಪಲ್ಲ, ಒಂದರೊಳಗೊಂದು ಮಡಚಿದಾಗ ಹಾಗೇ ಆಗುವುದು. ಸ್ಟೀಲ್ ಸ್ಕೇಲು ಒತ್ತಿ ಹಿಡಿದು, ಹೊಸ ಬ್ಲೇಡಿನಿಂದ ಅಂಚನ್ನು ನಿಧಾನವಾಗಿ ನಾಲ್ಕೈದು ಸಲ ಗೀರಿ ಕತ್ತರಿಸಿ. ಒಂದೇ ಏಟಿಗೆ ಕತ್ತರಿಸಲು ಹೋದರೆ ಅಂಚು ಹರಿದಂತಾಗುತ್ತದೆ.

ಮನೆಯ ಹಿರಿಯರ ಅಡುಗೆಗಳನ್ನು ಪುಸ್ತಕ ಮಾಡಿ ಎಲ್ಲರಿಗೂ ಕೊಡಬೇಕು ಅಂತಿದ್ದೇನೆ. ಆದರೆ ಅವರು ಅಳತೆಯನ್ನೇ ಹೇಳೋದಿಲ್ಲ.

ಕೇಳಿ ಬರೆಯಬೇಡಿ, ಪಕ್ಕದಲ್ಲಿ ನಿಂತು ನೋಡಿ ಬರೆಯಿರಿ. ಅಡುಗೆ ಮನೆಯ ಸಣ್ಣ ತಕ್ಕಡಿ ಇದ್ದರೆ ಕೆಲಸ ಸುಲಭ. ಅವರು ಡಬ್ಬಿಗೆ ಕೈ ಹಾಕುವ ಮೊದಲು ಡಬ್ಬಿಯನ್ನೇ ತೂಗಿ, ತೆಗೆದ ಮೇಲೆ ಮತ್ತೆ ತೂಗಿ. ನಮ್ಮ ಅತ್ತೆಯ ಪಕ್ಕದಲ್ಲಿ ನಿಂತು ನಾನು ಹೀಗೇ ಮಾಡಿದೆ. ಡಬ್ಬಿ 612 ಗ್ರಾಂ ಇತ್ತು, ಅವರು ‘ಒಂದು ಹಿಡಿ’ ತೆಗೆದ ಮೇಲೆ 571. ಅಂದರೆ ಅವರ ಹಿಡಿ 41 ಗ್ರಾಂ. ನನ್ನ ಹಿಡಿ ಅದಕ್ಕಿಂತ ದೊಡ್ಡದು. ಇಷ್ಟು ವರ್ಷ ನನ್ನ ಕೈಯಲ್ಲಿ ಆ ರುಚಿ ಯಾಕೆ ಬರುತ್ತಿರಲಿಲ್ಲ ಅನ್ನೋದು ಅವತ್ತು ತಿಳಿಯಿತು.

ಅವರಿಗೆ ಸುಮ್ನೆ ಕೆಲಸ ಮಾಡಲು ಬಿಡಿ. ‘ನಿಲ್ಲಿ, ನಿಲ್ಲಿ’ ಅಂತ ತಡೆದರೆ ಕೈಯ ಲಯ ತಪ್ಪುತ್ತದೆ. ಫೋನನ್ನು ಒಂದು ಕಡೆ ನಿಲ್ಲಿಸಿ ಮಾತನ್ನು ರೆಕಾರ್ಡ್ ಮಾಡಿಕೊಂಡರೆ ಆಮೇಲೆ ನಿಧಾನವಾಗಿ ಬರೆದುಕೊಳ್ಳಬಹುದು. ಆ ರೆಕಾರ್ಡನ್ನು ಅಳಿಸಬೇಡಿ, ಎರಡು ಕಡೆ ಉಳಿಸಿಡಿ. ಅದೂ ಉಡುಗೊರೆಯೇ.

ಅವರ ಮಾತನ್ನು ತಿದ್ದಿ ‘ಸರಿ’ ಮಾಡಬೇಡಿ. ‘ಬಣ್ಣ ತಿರುಗಿದಾಗ ಅಲ್ಲ ಕಣೇ, ವಾಸನೆ ತಿರುಗಿದಾಗ ಇಳಿಸು’ ಅಂತ ಅತ್ತೆ ಅಂದರು. ನಾನು ಹಾಗೇ ಬರೆದೆ. ಒಂದು ಪುಸ್ತಕಕ್ಕೆ ಹತ್ತು ಹನ್ನೆರಡು ಅಡುಗೆ ಸಾಕು. ಪ್ರತಿ ಅಡುಗೆಯ ಎದುರು ಪುಟ ಖಾಲಿ ಬಿಡಿ. ತಗೊಂಡವರು ತಮ್ಮ ಬದಲಾವಣೆ ಬರೆದುಕೊಳ್ಳುತ್ತಾರೆ.

ಫೋಟೋಗಳಿಂದ ಏನು ಮಾಡಬಹುದು?

ಎಲ್ಲಕ್ಕಿಂತ ಸುಲಭದ್ದು, ಹನ್ನೆರಡೋ ಹದಿನೈದೋ ಫೋಟೋ ಆರಿಸಿ, ಪ್ರಿಂಟ್ ತೆಗೆದು, ಪ್ರತಿಯೊಂದರ ಕೆಳಗೆ ಎರಡು ಸಾಲು ಬರೆಯುವುದು. ಇನ್ನೂರು ಫೋಟೋ ಹಾಕಿದ ಆಲ್ಬಮ್ ನೋಡುವವರು ಪುಟ ತಿರುಗಿಸುತ್ತಾ ಹೋಗುತ್ತಾರೆ. ಹದಿನೈದು ಇದ್ದರೆ ನಿಂತು ನೋಡುತ್ತಾರೆ.

ಪ್ರಿಂಟ್ ಮಸುಕಾಗಬಾರದು ಅಂದರೆ ಒಂದು ಇಂಚಿಗೆ 300 ಪಿಕ್ಸೆಲ್ ಲೆಕ್ಕ ಇಟ್ಟುಕೊಳ್ಳಿ. 4×6 ಇಂಚಿನ ಫೋಟೋಗೆ 1200×1800 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಿ. ಹಳೇ ಫೋಟೋಗಳ ಮೂಲ ಪ್ರತಿಯನ್ನು ಕತ್ತರಿಸಿ ಅಂಟಿಸಲೇಬೇಡಿ. ಸ್ಕ್ಯಾನ್ ಮಾಡಿಸಿ, ಪ್ರತಿ ತೆಗೆದು ಬಳಸಿ. ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆ ಪೆನ್ಸಿಲಿನಿಂದ, ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್ ಪೆನ್ನಿನ ಗುರುತು ಮುಂದೆ ಮೂಡುತ್ತದೆ, ಶಾಯಿಯೂ ಹರಡಬಹುದು.

ತೀರಿಕೊಂಡವರ ಬಟ್ಟೆ ಮನೆಯಲ್ಲಿದೆ. ಅದರಿಂದ ಏನಾದರೂ ಮಾಡಬಹುದಾ?

ಮಾಡಬಹುದು. ಆದರೆ ಮೊದಲು ಮನೆಯವರನ್ನು ಕೇಳಿ. ಕೆಲವರಿಗೆ ಆ ಅಂಗಿ ಹಾಗೇ ಇರಬೇಕು, ಬೀರುವಿನಲ್ಲೇ ಇರಬೇಕು. ಕತ್ತರಿ ಹಾಕಿದ ಮೇಲೆ ಹಿಂದಿರುಗಿಸಲು ಆಗುವುದಿಲ್ಲ.

ಒಪ್ಪಿದರೆ, ಗುಂಡಿ ಇರುವ ಅಂಗಿಯಿಂದ ದಿಂಬಿನ ಕವರು ಮಾಡುವುದು ಬಹಳ ಸುಲಭ. ಜಿಪ್ ಬೇಕಿಲ್ಲ, ಗುಂಡಿಪಟ್ಟಿಯೇ ಬಾಯಿ. ಅಂಗಿಯ ಗುಂಡಿ ಎಲ್ಲಾ ಹಾಕಿ, ಇಸ್ತ್ರಿ ಮಾಡಿ, ಚಪ್ಪಟೆಯಾಗಿ ಹಾಸಿ. ಗುಂಡಿಪಟ್ಟಿ ನಡುವೆ ಬರುವಂತೆ 42 ಸೆಂಟಿಮೀಟರಿನ ಚೌಕ ಗುರುತು ಹಾಕಿ, ಎದೆಯ ಭಾಗ ಬೆನ್ನಿನ ಭಾಗ ಎರಡನ್ನೂ ಒಟ್ಟಿಗೆ ಕತ್ತರಿಸಿ. ಜೇಬು ಪೂರ್ತಿ ಒಳಗೆ ಬರುವಂತೆ ನೋಡಿಕೊಳ್ಳಿ. ಎರಡು ಗುಂಡಿ ಬಿಚ್ಚಿಡಿ, ಇಲ್ಲದಿದ್ದರೆ ಆಮೇಲೆ ತಿರುಗಿಸಲು ಕಷ್ಟ. ಒಳ್ಳೆಯ ಮುಖಗಳು ಎದುರುಬದುರು ಇರುವಂತೆ ಇಟ್ಟು, ನಾಲ್ಕೂ ಬದಿ ಒಂದು ಸೆಂಟಿಮೀಟರ್ ಒಳಗೆ ಹೊಲಿಯಿರಿ. ಗುಂಡಿಪಟ್ಟಿ ದಾಟುವ ಕಡೆ ಎರಡು ಸಲ ಹೊಲಿಯಿರಿ, ಹರಿಯುವುದು ಅಲ್ಲೇ. ಗುಂಡಿ ಬಿಚ್ಚಿ ತಿರುಗಿಸಿದರೆ 40 ಸೆಂಟಿಮೀಟರಿನ ದಿಂಬಿಗೆ ಕವರು ಸಿದ್ಧ.

ಅಪ್ಪನ ನೀಲಿ ಗೆರೆಯ ಅಂಗಿಯಿಂದ ಅಕ್ಕನಿಗೆ ಹೀಗೊಂದು ಮಾಡಿದೆ. ಜೇಬಿನ ಮೂಲೆಯಲ್ಲಿ ಪೆನ್ನಿನ ಶಾಯಿಯ ಸಣ್ಣ ಕಲೆ ಇತ್ತು. ತೊಳೆದರೆ ಹೋಗುತ್ತಿತ್ತೇನೋ, ನಾನು ಉಜ್ಜಲಿಲ್ಲ. ಅಕ್ಕ ಕವರನ್ನು ಕೈಗೆ ತಗೊಂಡವಳು ಮೊದಲು ಬೆರಳಿಟ್ಟದ್ದು ಆ ಕಲೆಯ ಮೇಲೆ.

ಕಸೂತಿ ಕಲಿತಿಲ್ಲ. ಕರವಸ್ತ್ರದ ಮೇಲೆ ಒಂದು ಹೆಸರಾದರೂ ಹಾಕಬಹುದಾ?

ಖಂಡಿತ. ಬ್ಯಾಕ್ ಸ್ಟಿಚ್, ಅಂದರೆ ಸೂಜಿಯನ್ನು ಒಂದು ಹೊಲಿಗೆಯಷ್ಟು ಮುಂದೆ ಹೊರಗೆ ತಂದು ಹಿಂದಿನ ಹೊಲಿಗೆಯ ತುದಿಗೆ ಮತ್ತೆ ಚುಚ್ಚುವುದು, ಅದೊಂದು ಬಂದರೆ ಹೆಸರು ಬರೆಯಬಹುದು. ಕಸೂತಿ ದಾರದಲ್ಲಿ ಸಾಮಾನ್ಯವಾಗಿ 6 ಎಳೆ ಇರುತ್ತವೆ. ಸಣ್ಣ ಅಕ್ಷರಕ್ಕೆ 2 ಎಳೆ ಬಿಡಿಸಿಕೊಳ್ಳಿ. ಎಳೆಗಳನ್ನು ಒಟ್ಟಿಗೆ ಎಳೆದರೆ ಗಂಟು ಬೀಳುತ್ತದೆ, ಒಂದೊಂದಾಗಿ ಎಳೆದು ಮತ್ತೆ ಜೋಡಿಸಿ. ದಾರ 45 ಸೆಂಟಿಮೀಟರಿಗಿಂತ ಉದ್ದ ಬೇಡ.

ಹತ್ತಿ ಬಟ್ಟೆಯನ್ನು ಮೊದಲೇ ಒಗೆದು ಇಸ್ತ್ರಿ ಮಾಡಿ. ಇಲ್ಲದಿದ್ದರೆ ಮೊದಲ ಒಗೆತದಲ್ಲಿ ಬಟ್ಟೆ ಕುಗ್ಗಿ ಅಕ್ಷರದ ಸುತ್ತ ಸುಕ್ಕು ಬೀಳುತ್ತದೆ. ನೀರಿಗೆ ಹೋಗುವ ಪೆನ್ನಿನಿಂದ ಬರೆದುಕೊಳ್ಳಬಹುದು, ಆದರೆ ಗುರುತು ತೊಳೆಯುವ ಮೊದಲು ಇಸ್ತ್ರಿ ಮಾಡಬೇಡಿ. ಬಿಸಿಗೆ ಆ ಬಣ್ಣ ಉಳಿದುಬಿಡಬಹುದು. ನಮ್ಮ ಲಿಪಿ ಪೂರ್ತಿ ದುಂಡು. ತಿರುವುಗಳಲ್ಲಿ ಹೊಲಿಗೆಯನ್ನು 2 ಮಿಲಿಮೀಟರಿನಷ್ಟು ಸಣ್ಣದು ಮಾಡಿದರೆ ಅಕ್ಷರ ದುಂಡಗೆ ಕೂರುತ್ತದೆ, ಉದ್ದ ಹಾಕಿದರೆ ಮೂಲೆ ಮೂಲೆಯಾಗಿ ಕಾಣುತ್ತದೆ.

ಉಲನ್ ಮಫ್ಲರ್ ಹೆಣೆಯಲು ಎಷ್ಟು ದಿನ ಬೇಕು? ಉದ್ದ ಎಷ್ಟಿರಬೇಕು?

ದೊಡ್ಡವರಿಗೆ 15ರಿಂದ 20 ಸೆಂಟಿಮೀಟರ್ ಅಗಲ, 150ರಿಂದ 180 ಸೆಂಟಿಮೀಟರ್ ಉದ್ದ. ಹಾಕಿಕೊಳ್ಳುವವರ ಎತ್ತರದಷ್ಟು ಉದ್ದ ಅಂತ ನೆನಪಿಟ್ಟುಕೊಂಡರೆ ಸುಲಭ. ಮೊದಲ ಸಲ ಹೆಣೆಯುವವರು ದಪ್ಪ ಉಲನ್, ದಪ್ಪ ಕಡ್ಡಿ ತಗೊಳ್ಳಿ. ದಿನಕ್ಕೆ ಒಂದು ಗಂಟೆ ಕೂತರೂ ಕೆಲವು ವಾರ ಬೇಕೇ ಬೇಕು. ಉಲನ್ ಕುತ್ತಿಗೆಗೆ ಚುಚ್ಚುತ್ತದಾ ಅಂತ ನಿಮ್ಮ ಕುತ್ತಿಗೆಗೇ ಇಟ್ಟು ನೋಡಿ, ಕೈಗೆ ತಿಳಿಯುವುದಿಲ್ಲ. ಉಲನ್ ಉಂಡೆಯ ಮೇಲಿನ ಚೀಟಿಯಲ್ಲಿ ಒಗೆಯುವ ವಿವರ ಇರುತ್ತದೆ. ಅದನ್ನು ಬರೆದು ಜೊತೆಗೆ ಕೊಡಿ. ಬಿಸಿ ನೀರಿಗೆ ಹಾಕಿದ ಶುದ್ಧ ಉಣ್ಣೆ ಗಂಟುಗಟ್ಟಿ ಕುಗ್ಗಿಹೋಗುತ್ತದೆ.

ಮನೆಯಲ್ಲಿ ಕ್ಯಾಂಡಲ್ ಮಾಡುವುದು ಅಪಾಯ ಅಲ್ವಾ?

ಎಚ್ಚರ ಇದ್ದರೆ ಅಪಾಯ ಇಲ್ಲ. ಮೇಣದ ಪಾತ್ರೆಯನ್ನು ನೇರವಾಗಿ ಉರಿಯ ಮೇಲೆ ಇಡಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಪಾತ್ರೆ ಇಡಿ. ಒಲೆ ಬಿಟ್ಟು ಆಚೆ ಹೋಗಬೇಡಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ನೀರು ಥಟ್ಟನೆ ಆವಿಯಾಗಿ ಉರಿಯುವ ಮೇಣವನ್ನು ಸಿಡಿಸುತ್ತದೆ. ಒಲೆ ಆರಿಸಿ ಮುಚ್ಚಳ ಮುಚ್ಚಿ.

ಬಿಸಿ ತಡೆಯುವ ದಪ್ಪ ಗಾಜನ್ನೇ ಬಳಸಿ. ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. 100 ಗ್ರಾಂ ಮೇಣಕ್ಕೆ 6 ಗ್ರಾಂ ಸುಗಂಧದ ಎಣ್ಣೆ ಸಾಕು. ಜಾಸ್ತಿ ಹಾಕಿದರೆ ಪರಿಮಳ ಹೆಚ್ಚುವುದಿಲ್ಲ, ಎಣ್ಣೆ ಮೇಲೆ ಬೆವರಿದಂತೆ ನಿಲ್ಲುತ್ತದೆ. ಸೋಯಾ ಮೇಣವಾದರೆ ಒಂದೆರಡು ವಾರ ಇಟ್ಟು ಆಮೇಲೆ ಕೊಡಿ, ಪರಿಮಳ ಚೆನ್ನಾಗಿ ಕೂಡಿಕೊಳ್ಳುತ್ತದೆ. ಒಂದನ್ನು ನಿಮ್ಮ ಮನೆಯಲ್ಲೇ ಉರಿಸಿ ನೋಡದೆ ಇನ್ನೊಂದನ್ನು ಕೊಡಬೇಡಿ.

ಜೊತೆಗೆ ಒಂದು ಚೀಟಿ: ಬತ್ತಿಯನ್ನು 5–6 ಮಿಲಿಮೀಟರಿಗೆ ಕತ್ತರಿಸಿ ಹಚ್ಚಿ, ಮೊದಲ ಸಲ ಮೇಲಿನ ಮೇಣ ಅಂಚಿನ ತನಕ ಕರಗುವವರೆಗೆ ಬಿಡಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಉರಿಸಬೇಡಿ.

ಸೋಪು?

ಮೊದಲ ಸಲಕ್ಕೆ ಕರಗಿಸಿ ಅಚ್ಚಿಗೆ ಹುಯ್ಯುವ ಸಿದ್ಧ ಸೋಪಿನ ಗಟ್ಟಿ ತಗೊಳ್ಳಿ. ಕೆಲವು ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಅದರಲ್ಲಿ ಗ್ಲಿಸರಿನ್ ಇರುವುದರಿಂದ ಗಾಳಿಯ ತೇವ ಎಳೆದು ಹನಿ ಹನಿಯಾಗುತ್ತದೆ, ತಕ್ಷಣ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡಿ. ಕಾಸ್ಟಿಕ್ ಸೋಡಾ ಹಾಕಿ ಮೊದಲಿಂದ ಮಾಡುವುದು ಬೇರೆಯದೇ ಕೆಲಸ. ಕಣ್ಣು ಕಾಯುವ ರಕ್ಷಣಾ ಕನ್ನಡಕ, ಕೈಗವಸು, ನಿಖರವಾದ ತೂಕ ಬೇಕು, ಆಮೇಲೆ 4ರಿಂದ 6 ವಾರ ಒಣಗಬೇಕು. ಬಲ್ಲವರ ಜೊತೆ ಒಮ್ಮೆ ಮಾಡದೆ ಒಬ್ಬರೇ ಕೈ ಹಾಕಬೇಡಿ.

ತಿನ್ನುವ ವಸ್ತು ಕೊಡುವಾಗ ಏನು ನೋಡಿಕೊಳ್ಳಬೇಕು?

ಒಣ ಮಿಶ್ರಣ ಎಲ್ಲಕ್ಕಿಂತ ಸುರಕ್ಷಿತ. ಕೋಕೋ ಪುಡಿ ಮತ್ತು ಸಕ್ಕರೆ ಸಮಸಮ, ಚಿಟಿಕೆ ಉಪ್ಪು. ಚೆನ್ನಾಗಿ ಒಣಗಿದ ಜಾಡಿಯಲ್ಲಿ ತುಂಬಿ, ‘ಒಂದು ಲೋಟ ಬಿಸಿ ಹಾಲಿಗೆ ಎರಡು ಚಮಚ’ ಅಂತ ಚೀಟಿ ಕಟ್ಟಿದರೆ ಆಯಿತು. ಚೀಟಿಯಲ್ಲಿ ಏನೇನು ಹಾಕಿದ್ದೀರಿ, ಯಾವತ್ತು ಮಾಡಿದ್ದು, ಎಷ್ಟು ದಿನದೊಳಗೆ ಮುಗಿಸಬೇಕು, ಈ ಮೂರೂ ಇರಲಿ. ಶೇಂಗಾ, ಗೋಡಂಬಿ, ಹಾಲು, ಗೋಧಿ ಕೆಲವರ ಮೈಗೆ ಆಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಹಸಿ ಬೆಳ್ಳುಳ್ಳಿಯನ್ನೋ ಹಸಿ ಸೊಪ್ಪನ್ನೋ ಎಣ್ಣೆಯಲ್ಲಿ ಮುಳುಗಿಸಿ ಚೆಂದದ ಬಾಟಲಿಯಲ್ಲಿ ಕೊಡಬೇಡಿ. ನೋಡಲು ಬಹಳ ಸುಂದರ. ಆದರೆ ಎಣ್ಣೆಯೊಳಗೆ ಗಾಳಿ ಇರುವುದಿಲ್ಲ, ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ. ಹೊರಗೇ ಇಟ್ಟರೆ ಬಾಟ್ಯುಲಿಸಂ ಅನ್ನುವ, ಜೀವಕ್ಕೇ ಅಪಾಯವಾಗುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟುಮಾಡಬಹುದು. ಅದಕ್ಕೆ ವಾಸನೆಯಾಗಲಿ ಬಣ್ಣವಾಗಲಿ ಇಲ್ಲ, ನೋಡಿ ತಿಳಿಯಲು ಆಗುವುದಿಲ್ಲ.

ಗಿಡ ಕೊಡಬಹುದಾ?

ನಿಮ್ಮ ಮನೆಯ ಗಿಡದಿಂದಲೇ ಬೆಳೆಸಿದ್ದಾದರೆ ಅದರ ಸೊಗಸೇ ಬೇರೆ. ಮನಿ ಪ್ಲಾಂಟ್ ಸುಲಭ. ಎಲೆ ಹೊರಡುವ ಗೆಣ್ಣಿನ ಸ್ವಲ್ಪ ಕೆಳಗೆ, 10–15 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಗೆಣ್ಣು ನೀರಿನಲ್ಲಿ ಮುಳುಗಿರಬೇಕು, ಬೇರು ಬರುವುದು ಅಲ್ಲಿಂದಲೇ. ವಾರಕ್ಕೊಮ್ಮೆ ನೀರು ಬದಲಿಸಿ. ಎರಡು ಮೂರು ವಾರದಲ್ಲಿ ಬೇರು ಕಾಣುತ್ತದೆ. ಅವರ ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಇದು ಬೇಡ. ಈ ಎಲೆ ಅಗಿದರೆ ಅವುಗಳ ಬಾಯಿ ಉರಿದು ವಾಂತಿಯಾಗುತ್ತದೆ.

ಚಿಕ್ಕ ಮಗುವಿಗೆ ಬಟ್ಟೆಯ ಗೊಂಬೆ ಮಾಡುತ್ತಿದ್ದೇನೆ. ಕಣ್ಣಿಗೆ ಗುಂಡಿ ಇಡಬಹುದಾ?

ಮೂರು ವರ್ಷದ ಒಳಗಿನ ಮಕ್ಕಳಿಗೆ ಗುಂಡಿ, ಮಣಿ, ಗಂಟೆ ಯಾವುದೂ ಬೇಡ. ಎಷ್ಟೇ ಗಟ್ಟಿಯಾಗಿ ಹೊಲಿದರೂ ಬೇಡ. ಕಣ್ಣು, ಮೂಗನ್ನು ದಾರದಿಂದಲೇ ಹೊಲಿಯಿರಿ. ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವೂ ಮಗುವಿನ ಗಂಟಲಿಗೆ ಸಿಕ್ಕೀತು ಅಂತ ತಿಳಿಯಿರಿ. ಗೇಣುದ್ದಕ್ಕಿಂತ ಉದ್ದದ ದಾರ, ರಿಬ್ಬನ್ ನೇತಾಡಬಾರದು. ಒಂದು ವರ್ಷ ತುಂಬದ ಮಗು ಮಲಗುವ ಜಾಗದಲ್ಲಿ ಮೆತ್ತನೆ ಗೊಂಬೆ, ದಿಂಬು ಇಡಬಾರದು ಅಂತ ತಾಯಿ ತಂದೆಗೆ ಮೆಲ್ಲಗೆ ಹೇಳಿ. ಆಟಕ್ಕೆ ಮಾತ್ರ ಕೊಡಲಿ.

ಮಕ್ಕಳ ಕೈಯಲ್ಲಿ ಉಡುಗೊರೆ ಮಾಡಿಸಬೇಕು ಅಂತಿದ್ದೇನೆ.

ಹೂವು ಒತ್ತಿ ಒಣಗಿಸುವ ಕೆಲಸ ಕೊಡಿ. ಇಬ್ಬನಿ ಆರಿದ ಮೇಲೆ ತೆಳು ದಳದ ಹೂವು, ಎಲೆ ಕಿತ್ತು ತರಲಿ. ಎರಡು ಸಾದಾ ಕಾಗದದ ನಡುವೆ ಇಟ್ಟು ಭಾರದ ಪುಸ್ತಕಗಳ ಕೆಳಗೆ 2ರಿಂದ 4 ವಾರ ಬಿಡಿ. ದಿನಾ ತೆಗೆದು ನೋಡಿದರೆ ದಳ ಕಿತ್ತುಬರುತ್ತದೆ, ಮಕ್ಕಳಿಗೆ ಕಷ್ಟವಾಗುವುದು ಇದೊಂದೇ. ಒಣಗಿದ ಮೇಲೆ ದಪ್ಪ ಕಾಗದದ ಮೇಲೆ ಚುಕ್ಕೆಯಷ್ಟು ಅಂಟು ಹಾಕಿ ಕೂರಿಸಿದರೆ ಕಾರ್ಡು, ಪುಸ್ತಕದ ಗುರುತುಪಟ್ಟಿ. ಮಗು ಅಂಟಿಸಿದ್ದು ಸೊಟ್ಟ ಇದ್ದರೆ ನೀವು ನೇರ ಮಾಡಬೇಡಿ. ಅಜ್ಜಿಗೆ ಬೇಕಾದದ್ದು ಆ ಸೊಟ್ಟ ಹೂವೇ.

ವಯಸ್ಸಾದವರಿಗೆ, ‘ನನಗೇನೂ ಬೇಡ’ ಅನ್ನುವವರಿಗೆ ಏನು ಕೊಡಲಿ?

ಅವರಿಗೆ ನಿಜವಾಗಿಯೂ ವಸ್ತು ಬೇಡವಾಗಿರುತ್ತದೆ, ಜನ ಬೇಕಾಗಿರುತ್ತದೆ. ‘ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ನಿಮ್ಮ ಜೊತೆ ವಾಕಿಂಗ್ ಬರ್ತೀನಿ’ ಅಂತ ಬರೆದ ಹನ್ನೆರಡು ಚೀಟಿ ಕೊಡಿ. ಬರೆದ ಮೇಲೆ ತಪ್ಪಿಸಬಾರದು, ಅದಕ್ಕೇ ನಡೆಸಲು ಆಗುವುದನ್ನು ಮಾತ್ರ ಬರೆಯಿರಿ. ಮನೆಯವರ ಫೋನ್ ನಂಬರುಗಳನ್ನು ಒಂದೊಂದು ಪುಟಕ್ಕೆ ಒಂದರಂತೆ, ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಅವರವರ ಫೋಟೋ ಅಂಟಿಸಿ ಮಾಡಿದ ಪುಸ್ತಕವೂ ಬಹಳ ಉಪಯೋಗಕ್ಕೆ ಬರುತ್ತದೆ.

ಅಂಗಡಿಯಿಂದ ತಂದಿಲ್ಲ, ಖರ್ಚು ಉಳಿಸಿದ್ದಾರೆ ಅಂತ ಅಂದುಕೊಂಡರೆ?

ಅವರ ಬದುಕಿನ ಒಂದು ಸಣ್ಣ ವಿವರ ಅದರಲ್ಲಿ ಇದ್ದರೆ ಹಾಗೆ ಅನಿಸುವುದಿಲ್ಲ. ಇಪ್ಪತ್ತು ಜನಕ್ಕೆ ಒಂದೇ ಥರದ್ದು ಹಂಚಿದಾಗ ಹಾಗೆ ಅನಿಸಬಹುದು. ಎಲ್ಲರಿಗೂ ಮಾಡಲು ಹೋಗಬೇಡಿ. ಈ ವರ್ಷ ಇಬ್ಬರಿಗೆ ಮಾಡಿ, ಉಳಿದವರಿಗೆ ಅಂಗಡಿಯಿಂದಲೇ ತನ್ನಿ. ಕೊಡುವಾಗ ‘ಏನೋ ಸುಮ್ನೆ ಮಾಡಿದೆ, ಅಷ್ಟು ಚೆನ್ನಾಗಿಲ್ಲ’ ಅಂತ ಮಾತ್ರ ಅನ್ನಬೇಡಿ. ಯಾಕೆ ಮಾಡಿದಿರಿ ಅಂತ ಒಂದು ಮಾತು ಹೇಳಿ ಸಾಕು.

ಕೊರಿಯರ್‌ನಲ್ಲಿ ಕಳಿಸಲು ಯಾವುದು ಒಳ್ಳೆಯದು?

ಕಾಗದ, ಬಟ್ಟೆ, ಉಲನ್. ಬಿಸಿಲಿನ ಕಾಲದಲ್ಲಿ ಕ್ಯಾಂಡಲ್ ಕಳಿಸಬೇಡಿ. ಗಾಜು ಕಳಿಸಲೇಬೇಕಾದರೆ ಸುತ್ತ ಒತ್ತಾಗಿ ತುಂಬಿ, ಪೆಟ್ಟಿಗೆ ಅಲ್ಲಾಡಿಸಿ ನೋಡಿ. ಸದ್ದು ಬಂದರೆ ಇನ್ನೂ ತುಂಬಬೇಕು ಅಂತ.

ಚೆನ್ನಾಗಿದೆ ಅಂತ ಹೇಳಿ ತೆಗೆದಿಟ್ಟುಬಿಟ್ಟಿದ್ದಾರೆ, ಬಳಸುತ್ತಲೇ ಇಲ್ಲ. ಇಷ್ಟ ಆಗಲಿಲ್ವಾ?

ಬಹಳ ಸಲ ಇಷ್ಟ ಆಗಿರುವುದರಿಂದಲೇ ಬಳಸುವುದಿಲ್ಲ, ಹಾಳಾದೀತು ಅಂತ ಭಯ. ಕೊಡುವಾಗಲೇ ‘ಇದು ಹಾಳಾದರೆ ಇನ್ನೊಂದು ಮಾಡಿಕೊಡ್ತೀನಿ’ ಅಂತ ಹೇಳಿ. ಮೊದಲ ಬಳಕೆಯನ್ನು ನೀವೇ ಶುರು ಮಾಡಿದರೆ ಇನ್ನೂ ಒಳ್ಳೆಯದು. ಕ್ಯಾಂಡಲನ್ನು ಅವರ ಮನೆಯಲ್ಲೇ ಹಚ್ಚಿ ಸ್ವಲ್ಪ ಹೊತ್ತು ಕೂತು ಮಾತಾಡಿ. ಬಟ್ಟೆ ಚೀಲವನ್ನು ಖಾಲಿ ಕೊಡದೆ ಏನಾದರೂ ತುಂಬಿ ಕೊಡಿ. ಪುಸ್ತಕವಾದರೆ ಮೊದಲ ಪುಟ ಖಾಲಿ ಬಿಡಬೇಡಿ. ನನ್ನ ಗೆಳತಿಯ ಎರಡನೇ ಪುಸ್ತಕದ ಮೊದಲ ಪುಟದಲ್ಲಿ ನಾನು ಅವಳ ಸಾಮಾನಿನ ಪಟ್ಟಿಯನ್ನೇ ಬರೆದು ಕೊಟ್ಟಿದ್ದೆ: ಉಪ್ಪು, ಬೆಂಕಿಪೊಟ್ಟಣ, ಬಲ್ಬು. ಅವಳು ಅಲ್ಲೇ ಪೆನ್ನು ತಗೊಂಡು ಕೆಳಗೆ ‘ಸೋಪು’ ಅಂತ ಸೇರಿಸಿದಳು.